ಉಗುರಿನ ವಿಚಾರವಾಗಿ ಒಂದೆರಡು ಮಾತು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ನಾವು ಬಹುಕಾಲದಿಂದ ಪ್ರವಚನ, ಗೃಹಪ್ರವೇಶ, ಶಿವಗಣಾರಾಧನೆಗಳ ನಿಮಿತ್ತ ಓಡಾಡುತ್ತ ಬಂದಿದ್ದೇವೆ. ಪ್ರವಚನ ಮುಗಿದ ಮೇಲೆ ಸದ್ಭಕ್ತರು ಕೇಳುವ ಪ್ರಶ್ನೆಗಳಲ್ಲಿ ಧರ್ಮದ ವಿಷಯ ಅರ್ಧವಾದರೆ ಸಂಸಾರದ ವಿಷಯ ಇನ್ನರ್ಧ. ಮಗನ ಓದು, ಮಗಳ ಮದುವೆ, ಬತ್ತಿದ ಕೊಳವೆಬಾವಿ, ಆಲೂಗಡ್ಡೆಗೆ ತಗುಲಿದ ಅಂಗಮಾರಿ ಎಲ್ಲವೂ ನಮ್ಮ ಮುಂದೆ ಬರುತ್ತವೆ. ಬಲ್ಲಷ್ಟು ಹೇಳುತ್ತೇವೆ, ಅರಿಯದ್ದನ್ನು ಅರಿತವರ ಬಳಿಗೆ ಕಳುಹಿಸುತ್ತೇವೆ. ಈಚಿನ ವರ್ಷಗಳಲ್ಲಿ ನಮ್ಮ ಮುಂದೆ ಮತ್ತೆ ಮತ್ತೆ ಬಂದ ಒಂದು ಸಣ್ಣ ವಿಷಯವೆಂದರೆ ಉಗುರು. ಸಣ್ಣದೆಂದು ಎಣಿಸಿದ್ದು ಸಂಸಾರಗಳನ್ನು ಎಷ್ಟು ಕಲಕಬಲ್ಲುದೆಂಬುದನ್ನು ಕಣ್ಣಾರೆ ಕಂಡ ಕಾರಣ, ಹಾಸನದ ಚರ್ಮವೈದ್ಯರೊಬ್ಬರಿಂದ ಕೇಳಿ ತಿಳಿದುದನ್ನೂ ನಾವು ಓದಿದುದನ್ನೂ ಕೂಡಿಸಿ ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಲವತ್ತು ದಾಟಿದ ಒಬ್ಬ ತಾಯಿ ಇದ್ದಾರೆ. ಅಮಾವಾಸ್ಯೆಯ ದಾಸೋಹಕ್ಕೆ ಅಡುಗೆ ಮಾಡಿ ಬಡಿಸುವುದು ಇಪ್ಪತ್ತು ವರ್ಷಗಳಿಂದ ಆ ಮನೆಯ ಸೊಸೆಯಾಗಿ ಅವರು ನಡೆಸಿಕೊಂಡು ಬಂದ ಸೇವೆ. ಒಂದು ಸಲ ನಾವು ಹೋದಾಗ ಅವರು ಬಡಿಸುವ ಸಾಲಿನಲ್ಲಿ ಇರಲಿಲ್ಲ. ಹಿತ್ತಲಲ್ಲಿ ಪಾತ್ರೆಗಳ ಮುಂದೆಯೂ ಇರಲಿಲ್ಲ. ನಡುಮನೆಯ ಬಾಗಿಲ ಮರೆಯಲ್ಲಿ ಸೆರಗಿನೊಳಗೆ ಕೈ ಹುದುಗಿಸಿಕೊಂಡು ನಿಂತಿದ್ದರು. ಕೇಳಿದಾಗ ಅತ್ತೆಯವರು ತಗ್ಗಿದ ದನಿಯಲ್ಲಿ, "ಅಯ್ಯನವರೇ, ಅವಳ ಉಗುರಿಗೆ ಬೂಷ್ಟು ಹಿಡಿದಿದೆ, ಅಂಟುರೋಗವಂತೆ, ಅದಕ್ಕೇ ಅನ್ನ ಮುಟ್ಟಬೇಡವೆಂದಿದ್ದೇವೆ" ಎಂದರು. ಆಕೆಯ ಲೋಟ, ತಟ್ಟೆ ಬೇರೆ ಇಟ್ಟಿದ್ದರು. ಎರಡು ವರ್ಷಗಳಲ್ಲಿ ಮೂರು ಸಲ ಶಿಲೀಂಧ್ರದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿಯೂ ಉಗುರು ಇದ್ದಂತೆಯೇ ಇತ್ತು. ಉಗುರನ್ನು ಪರೀಕ್ಷೆಗೆ ಕಳುಹಿಸಿದವರು ಮಾತ್ರ ಒಬ್ಬರೂ ಇರಲಿಲ್ಲ. ಕಣ್ಣಿನಲ್ಲಿ ನೋಡಿ ಬರೆದುಕೊಟ್ಟ ಚೀಟಿಯೇ ಮೂರು ಸಲವೂ.

ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಬಲಗೈಯಿಂದ ವಿಭೂತಿ ಪತ್ರೆಗಳನ್ನು ಏರಿಸುವವರಿಗೆ ತಮ್ಮ ಬೆರಳ ತುದಿ ದಿನವೂ ಕಣ್ಣಿಗೆ ಬೀಳುತ್ತದೆ. ಆ ತಾಯಿ ಪೂಜೆಗೆ ಕುಳಿತಾಗಲೂ ತಮ್ಮ ಬೆರಳನ್ನು ನೋಡಲು ಹೇಸುತ್ತಿದ್ದರಂತೆ. "ನಾನು ಏನು ಪಾಪ ಮಾಡಿದ್ದೆನೋ ಅಯ್ಯನವರೇ" ಎಂದು ಅವರು ಕೇಳಿದ ಮಾತು ನಮ್ಮ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು.

ಈ ಪಾಪದ ಮಾತು ಬಂದುದೆಲ್ಲಿಂದ? ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಓದುತ್ತಿದ್ದ ದಿನಗಳಲ್ಲಿ ಇದರ ಬೇರನ್ನು ನಾವು ಕಂಡಿದ್ದೆವು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು, ಚಿನ್ನ ಕದ್ದವನು ಮರುಹುಟ್ಟಿನಲ್ಲಿ ಕೆಟ್ಟ ಉಗುರಿನವನಾಗುತ್ತಾನೆ ಎನ್ನುತ್ತದೆ. ಅದೇ ಗ್ರಂಥದ ಮೂರನೆಯ ಅಧ್ಯಾಯವು ಶ್ರಾದ್ಧದ ಪಂಕ್ತಿಗೆ ಕರೆಯಬಾರದವರ ಪಟ್ಟಿಯಲ್ಲಿ ಕುನಖಿಯನ್ನು, ಅಂದರೆ ಉಗುರು ಕೆಟ್ಟವನನ್ನು ಸೇರಿಸಿದೆ. ಆ ಗ್ರಂಥವನ್ನು ಪ್ರಮಾಣವೆಂದು ನಾವು ಎಂದೂ ಒಪ್ಪಿದವರಲ್ಲ. ಆದರೂ ಅದರ ಮಾತು ನಮ್ಮ ಮನೆಗಳ ಹೊಸ್ತಿಲು ದಾಟಿ, ಯಾರ ಬಾಯಿಂದ ಎಂಬುದು ತಿಳಿಯದಂತೆ ಅಡುಗೆಮನೆಯಲ್ಲಿ ಕುಳಿತುಬಿಟ್ಟಿದೆ. ಹಸಿದವರಿಗೆ ಅನ್ನವಿಕ್ಕುವ ಕೈಯನ್ನು ಉಗುರು ನೋಡಿ ಹಿಂದೆ ಸರಿಸುವುದು ದಾಸೋಹದ ಮನೆಗೆ ಒಪ್ಪುವ ನಡೆಯಲ್ಲ.

ಅದೇ ಸಂಸ್ಕೃತದಲ್ಲಿ ವೈದ್ಯರು ಹೇಳಿದ ಮಾತು ಬೇರೆ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳನ್ನು ಹೇಳುವ ಅಧ್ಯಾಯವೊಂದಿದೆ. ಅಲ್ಲಿ ಕುನಖವು ಪೆಟ್ಟು ಬಿದ್ದುದರಿಂದ ಉಗುರು ಒರಟಾಗಿ ಕಪ್ಪಾಗುವ ರೋಗ. ಪಾಪದ ಪ್ರಸ್ತಾಪವೇ ಇಲ್ಲ. ಉಗುರಿನ ಬುಡದ ಮಾಂಸ ಕೀವುಗಟ್ಟಿ ನೋಯುವುದಕ್ಕೆ ಚಿಪ್ಪವೆಂದು ಹೆಸರು, ನಾವು ಉಗುರುಸುತ್ತು ಎನ್ನುವುದು ಅದನ್ನೇ. ಕೆಟ್ಟ ಕೆಸರಿನಲ್ಲಿ ಓಡಾಡುವವರ ಕಾಲ್ಬೆರಳ ಸಂದಿ ನೆನೆದು ನವೆಯೂ ಉರಿಯೂ ಆಗುವುದಕ್ಕೆ ಅಲಸವೆಂದು ಹೆಸರಿಟ್ಟಿದ್ದಾರೆ. ಇದನ್ನು ಓದಿದಾಗ ನಮಗೆ ನೆನಪಾದುದು ನಾಟಿಯ ದಿನಗಳಲ್ಲಿ ಗದ್ದೆಯಿಂದ ಮೇಲೆ ಬಂದವರ ಕಾಲಿನ ಕೆಸರುಹುಣ್ಣು. ಅಷ್ಟು ಹಿಂದೆಯೇ ವೈದ್ಯರಾದವರು ಕಣ್ಣಿಟ್ಟು ನೋಡಿ ಒಂದರಿಂದ ಇನ್ನೊಂದನ್ನು ಬೇರ್ಪಡಿಸುತ್ತಿದ್ದರೆಂಬುದು ಗಮನಿಸಬೇಕಾದ ಸಂಗತಿ.

ಪಶ್ಚಿಮ ದೇಶಗಳಲ್ಲಿಯೂ ಈ ಬೇರ್ಪಡಿಕೆ ಸುಲಭವಾಗಿ ಆಗಲಿಲ್ಲ. ಸೋರಿಯಾಸಿಸ್ ಇದ್ದವರನ್ನು ಕುಷ್ಠರೋಗಿಗಳೆಂದು ಬಗೆದು ಊರಾಚೆ ಇಟ್ಟ ಕಾಲವಿತ್ತು. ವಿಯೆನ್ನಾ ನಗರದ ವೈದ್ಯ ಹೆಬ್ರಾ 1841ರಲ್ಲಿ ಅದು ಕುಷ್ಠವಲ್ಲ, ಬೇರೆಯೇ ರೋಗವೆಂದು ಖಚಿತವಾಗಿ ಹೇಳಿದರು. ಅದೇ 1841ರಲ್ಲಿ ಪ್ಯಾರಿಸ್ಸಿನಲ್ಲಿ ಗ್ರೂಬಿ ಎಂಬವರು, ತಲೆಯ ಚರ್ಮಕ್ಕೆ ಬರುವ ಒಂದು ರೋಗಕ್ಕೆ ಶಿಲೀಂಧ್ರವೇ ಕಾರಣವೆಂಬುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಪ್ರಕಟಿಸಿದರು. ಒಂದೇ ವರ್ಷದಲ್ಲಿ ಎರಡು ದಾರಿಗಳು ಕವಲೊಡೆದವು. ಆದರೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಎರಡೂ ಒಂದೇ ಮಾತಿನಲ್ಲಿ ಮುಗಿದುಹೋಗುತ್ತವೆ: ಉಗುರು ಕೊಳೆತಿದೆ, ಅಷ್ಟೆ.

ಶಿಲೀಂಧ್ರದ ಪರಿಚಯ ನಮಗೆ ನಮ್ಮ ಕಾಲಿನಿಂದಲೇ ಆಯಿತು. ನಮ್ಮ ಬಲಗಾಲಿನ ಹೆಬ್ಬೆರಳಿನ ಉಗುರು ಒಂದು ಬದಿಯ ಅಂಚಿನಿಂದ ಹಳದಿಯಾಗತೊಡಗಿ, ವರ್ಷದೊಳಗೆ ಅರ್ಧ ಉಗುರು ದಪ್ಪಗಾಗಿ, ಕತ್ತರಿಸಲು ಹೋದರೆ ಗೆದ್ದಲು ತಿಂದ ತೊಲೆಯಂತೆ ಪುಡಿಪುಡಿಯಾಗಿ ಉದುರತೊಡಗಿತು. ನೋವಿರಲಿಲ್ಲ. ಕಿರುಬೆರಳ ಸಂದಿಯಲ್ಲಿ ಮಾತ್ರ ಮಳೆಗಾಲದಲ್ಲಿ ಚರ್ಮ ಬೆಳ್ಳಗೆ ನೆನೆದು ನವೆಯಾಗುತ್ತಿತ್ತು. ವೈದ್ಯರು ಉಗುರನ್ನು ನೋಡುವ ಮೊದಲು ಆ ಸಂದಿಯನ್ನು ನೋಡಿದರು. ಶಿಲೀಂಧ್ರವು ಮೊದಲು ಬೆರಳ ಸಂದಿಯಲ್ಲೋ ಅಂಗಾಲಿನಲ್ಲೋ ನೆಲೆಯೂರಿ, ಅಲ್ಲಿಂದ ಉಗುರಿನ ತುದಿ ಅಥವಾ ಬದಿಯ ಸಂದಿನಿಂದ ಒಳಹೊಕ್ಕು ಬುಡದ ಕಡೆಗೆ ಸಾಗುವುದೇ ಹೆಚ್ಚು ಎಂದು ಹೇಳಿದರು. ಎಲ್ಲ ಉಗುರುಗಳಿಗೂ ಒಟ್ಟಿಗೆ ಬರುವುದು ಅಪರೂಪ. ಒಂದು ಕಾಲಿನಲ್ಲಿ ಎರಡು, ಇನ್ನೊಂದರಲ್ಲಿ ಒಂದು, ಹೀಗೆ ಸಮವಲ್ಲದ ರೀತಿಯಲ್ಲಿ ಬರುತ್ತದೆ. ಕೈಗಿಂತ ಕಾಲಿಗೆ ಹೆಚ್ಚು. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ, ದಿನವಿಡೀ ಬೂಟು ಹಾಕುವವರಿಗೆ, ಕೆಸರಿನಲ್ಲಿ ದುಡಿಯುವವರಿಗೆ ಹೆಚ್ಚು. ಗೊರೂರಿನ ಅಣೆಕಟ್ಟೆಯಿಂದ ನಾಲೆಯ ನೀರು ಬಂದ ಮೇಲೆ ಭತ್ತದ ಗದ್ದೆಗಳಾದ ನಮ್ಮ ಸೀಮೆಯಲ್ಲಿ ಕಾಲು ಒಣಗಲು ಪುರುಸೊತ್ತೇ ಇಲ್ಲದ ತಿಂಗಳುಗಳಿವೆ.

ವೈದ್ಯರು ಉಗುರಿನ ಅಡಿಯಿಂದ ಪುಡಿಯನ್ನು ಕೆರೆದು ಗಾಜಿನ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ದ್ರಾವಣವನ್ನು ಹನಿಸಿದರು. ಅದು ಉಗುರಿನ ಪದಾರ್ಥವನ್ನು ಕರಗಿಸಿ ಒಳಗಿರುವ ಶಿಲೀಂಧ್ರವನ್ನು ಉಳಿಸುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ಇಣುಕಿದ ವೈದ್ಯರು ನಮ್ಮನ್ನೂ ಕರೆದು, "ತಾವೇ ನೋಡಿ" ಎಂದರು. ಮಬ್ಬು ಬೆಳಕಿನಲ್ಲಿ ಕವಲೊಡೆದ ಸಣ್ಣ ನೂಲಿನೆಳೆಗಳು ಅಡ್ಡಾದಿಡ್ಡಿಯಾಗಿ ಹರಿದಿದ್ದವು. ಹಳಸಿದ ರೊಟ್ಟಿಯ ಮೇಲಿನ ಬೂಷ್ಟಿಗೂ ಇದಕ್ಕೂ ದೂರದ ನೆಂಟಸ್ತಿಕೆಯುಂಟೆಂದು ಅವರು ನಗುತ್ತ ಹೇಳಿದರು. ಅರವತ್ತು ದಾಟಿದ ಮೇಲೆ ನಮ್ಮ ಕಾಲಿನಲ್ಲೇ ಇಂತಹದೊಂದು ಕಾಡು ಬೆಳೆದಿತ್ತೆಂದು ತಿಳಿದು ಸೋಜಿಗಪಟ್ಟೆವು.

ಅರಕಲಗೂಡಿನ ಆ ತಾಯಿಯ ವಿಷಯವನ್ನು ನಾವು ತೆಗೆದುದು ಇದೇ ವೈದ್ಯರ ಬಳಿ. ಅವರು ಕೇಳಿದ ಮೊದಲ ಪ್ರಶ್ನೆ, ಎಷ್ಟು ಉಗುರುಗಳು ಎಂಬುದು. ಹತ್ತೂ ಎಂದೆವು. ಕೈಯೋ ಕಾಲೋ? ಕೈ. "ಹಾಗಾದರೆ ಕರೆದುಕೊಂಡು ಬನ್ನಿ" ಎಂದರು.

ಆಕೆಯ ಉಗುರುಗಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ವೈದ್ಯರು ನಮಗೂ ಆಕೆಯ ಯಜಮಾನರಿಗೂ ತೋರಿಸಿದರು. ಉಗುರಿನ ಮೇಲ್ಮೈಯಲ್ಲಿ ಸೂಜಿಮೊನೆಯಿಂದ ಚುಚ್ಚಿದಂತೆ ಸಣ್ಣ ಸಣ್ಣ ಕುಳಿಗಳು. ಧೂಳಿನ ಅಂಗಳದ ಮೇಲೆ ಮೊದಲ ಮಳೆಯ ನಾಲ್ಕು ಹನಿ ಬಿದ್ದರೆ ಗುಳಿ ಬೀಳುವುದಿಲ್ಲವೇ, ಹಾಗೆ. ಉಗುರು ಹುಟ್ಟುವ ಬುಡದಲ್ಲೇ ರೋಗವಿರುವುದರಿಂದ ಅಲ್ಲಲ್ಲಿ ಸಡಿಲವಾಗಿ ಕಟ್ಟಿದ ಕಣಗಳು ಉಗುರು ಬೆಳೆದು ಮುಂದೆ ಬಂದಾಗ ಉದುರಿ ಕುಳಿಯಾಗುತ್ತವೆ. ಇನ್ನೆರಡು ಉಗುರುಗಳ ಅಡಿಯಲ್ಲಿ ಕಾಗದದ ಮೇಲೆ ಎಣ್ಣೆಹನಿ ಬಿದ್ದಂತೆ ಹಳದಿಮಿಶ್ರಿತ ಕೆಂಪು ಮಚ್ಚೆಯಿತ್ತು. ಮತ್ತೊಂದು ಉಗುರು ತುದಿಯಿಂದ ಎದ್ದು ತಳದಿಂದ ಬೇರ್ಪಟ್ಟಿತ್ತು. ಬೇರ್ಪಟ್ಟ ಬಿಳಿಯ ಭಾಗದ ಗಡಿಯಲ್ಲಿ ತೆಳ್ಳಗೆ ಕೆಂಗಂದು ಅಂಚು. ಈ ಅಂಚು, ಆ ಎಣ್ಣೆಹನಿ, ಆ ಕುಳಿಗಳು ಮೂರೂ ಕೂಡಿ ಬಂದರೆ ಸೋರಿಯಾಸಿಸ್ಸನ್ನು ಮೊದಲು ಶಂಕಿಸಬೇಕಂತೆ. ಶಿಲೀಂಧ್ರದಲ್ಲಿ ಇಂತಹ ಕುಳಿಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಒಂದೆರಡು ಕುಳಿ ಆರೋಗ್ಯವಂತರಲ್ಲೂ ಇರಬಹುದು, ಹಲವು ಉಗುರುಗಳಲ್ಲಿ ಹಲವು ಕುಳಿಗಳಿದ್ದರೆ ಅದಕ್ಕೆ ಅರ್ಥವಿದೆ. ತೊಂದರೆಯೇನೆಂದರೆ, ಉಗುರು ದಪ್ಪಗಾಗುವುದು, ಅಡಿಯಲ್ಲಿ ಹೊಟ್ಟು ಕೂಡುವುದು, ಹಳದಿಯಾಗುವುದು, ತಳದಿಂದ ಏಳುವುದು ಈ ನಾಲ್ಕೂ ಎರಡು ರೋಗಗಳಲ್ಲಿಯೂ ಉಂಟು. ಕಾಲಿನ ಉಗುರಿನಲ್ಲಂತೂ ನುರಿತ ಕಣ್ಣು ಸಹ ಮೋಸಹೋಗುತ್ತದೆ. ಆಕಾರಗೆಟ್ಟ ಉಗುರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಶಿಲೀಂಧ್ರ ಕಾರಣವೆಂದು ಅವರು ಹೇಳಿದಾಗ, ಉಳಿದರ್ಧ ಮಂದಿ ನುಂಗಿದ ಮಾತ್ರೆಗಳ ಲೆಕ್ಕ ನಮ್ಮ ತಲೆಯಲ್ಲಿ ಸುಳಿಯಿತು.

ಉಗುರನ್ನು ಬಿಟ್ಟು ಮೈಯನ್ನೂ ನೋಡಬೇಕೆಂಬುದನ್ನು ನಾವು ಅಂದು ಕಲಿತೆವು. ವೈದ್ಯರು ಆ ತಾಯಿಯ ಮೊಣಕೈ ನೋಡಿದರು, ಏನೂ ಇರಲಿಲ್ಲ. ಕಿವಿಯ ಹಿಂದೆ, ಕೂದಲಂಚಿನಲ್ಲಿ ನೋಡಿದರು. ಅಲ್ಲಿ ಬೆಳ್ಳಿಯ ಪುಡಿಯಂತಹ ಹೊಟ್ಟು ಕೂಡಿದ ಕೆಂಪು ಪಟ್ಟೆಯಿತ್ತು. ತಲೆಹೊಟ್ಟೆಂದು ಆಕೆ ಹತ್ತು ವರ್ಷ ಶೀಗೆಕಾಯಿ ತಿಕ್ಕುತ್ತಿದ್ದುದು ಅದಕ್ಕೇ. ಮನೆತನದಲ್ಲಿ ಯಾರಿಗಾದರೂ ಉಂಟೇ ಎಂದು ಕೇಳಲು, ತಂದೆಗೆ ಮೊಣಕಾಲಿನ ಮೇಲೆ ಇಂತಹುದೇ ಹೊಟ್ಟು ಕೊನೆಯವರೆಗೂ ಇತ್ತೆಂದರು. ಬಳಿಕ ವೈದ್ಯರು ಬೆರಳಿನ ತುದಿಯ ಗಿಣ್ಣುಗಳನ್ನು ಒತ್ತಿ ನೋಡಿದಾಗ ಎರಡು ಕಡೆ ಆಕೆ ಕೈಯನ್ನು ಎಳೆದುಕೊಂಡರು. ಬೆಳಗಿನ ಹೊತ್ತು ಬೆರಳು ಮಡಿಸಲು ಬಾರದು, ರೊಟ್ಟಿ ತಟ್ಟುವಾಗ ನೋವು, ವಯಸ್ಸಾಯಿತೆಂದು ಸುಮ್ಮನಿದ್ದೆ ಎಂದರು. ವೈದ್ಯರ ಮುಖ ಗಂಭೀರವಾಯಿತು. ಸೋರಿಯಾಸಿಸ್ ಗಿಣ್ಣುಗಳಿಗೂ ಇಳಿಯುತ್ತದೆ. ಉಗುರಿಗೆ ಬಂದವರಲ್ಲಿ ಹಾಗಾಗುವ ಸಂಭವ ಹೆಚ್ಚು. ಒಮ್ಮೆ ಸವೆದ ಗಿಣ್ಣು ಮೊದಲಿನಂತೆ ಆಗುವುದಿಲ್ಲ. ಎರಡು ವರ್ಷ ಶಿಲೀಂಧ್ರದ ಹಿಂದೆ ಹೋದುದರಲ್ಲಿ ಹಣಕ್ಕಿಂತ ದೊಡ್ಡದಾಗಿ ಕಳೆದುದು ಈ ಕಾಲ.

ಪರೀಕ್ಷೆಯಲ್ಲಿ ಶಿಲೀಂಧ್ರ ಸಿಗಲಿಲ್ಲ. ಒಂದು ಸಲ ಸಿಗದಿದ್ದರೆ ಇಲ್ಲವೆಂದು ಹೇಳಲಾಗದು, ಪುಡಿಯನ್ನು ತೆಗೆದ ಜಾಗ ಸರಿಯಿಲ್ಲದಿದ್ದರೂ ತಪ್ಪಿಹೋಗುತ್ತದೆ ಎಂದು ಮತ್ತೊಮ್ಮೆ ತೆಗೆದರು. ಉಗುರಿನ ಚೂರನ್ನು ಬೆಳೆಸಿ ನೋಡುವ ಪರೀಕ್ಷೆಗೂ ಕಳುಹಿಸಿದರು. ಅದಕ್ಕೆ ಮೂರು ನಾಲ್ಕು ವಾರ ಹಿಡಿಯಿತು. ಕತ್ತರಿಸಿದ ಉಗುರಿನ ತುಂಡಿಗೆ ವಿಶೇಷ ಬಣ್ಣ ಹಾಕಿ ನೋಡುವ ಇನ್ನೊಂದು ವಿಧಾನವೂ ಉಂಟು. ಯಾವುದರಲ್ಲಿಯೂ ಏನೂ ಕಾಣಲಿಲ್ಲ. ಸೋರಿಯಾಸಿಸ್ ಎಂಬುದು ಖಚಿತವಾದ ಮೇಲೆ ವೈದ್ಯರು ಆಕೆಯ ಯಜಮಾನರಿಗೆ ಹೇಳಿದ ಮಾತನ್ನು ನಾವು ಇಲ್ಲಿ ಒತ್ತಿ ಬರೆಯುತ್ತೇವೆ: ಇದು ಅಂಟುವುದಿಲ್ಲ. ಮುಟ್ಟಿದರೆ ಬಾರದು, ಎಂಜಲಿನಿಂದ ಬಾರದು, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬಾರದು. ದೇಹದ ರಕ್ಷಣಾಶಕ್ತಿಯೇ ದಾರಿ ತಪ್ಪಿ ತನ್ನ ಚರ್ಮವನ್ನು ಅವಸರವಸರವಾಗಿ ಬೆಳೆಸುವ ರೋಗವಿದು. ಇದರಲ್ಲಿ ಯಾವ ಕ್ರಿಮಿಯೂ ಇಲ್ಲ.

ಮುಂದಿನ ಅಮಾವಾಸ್ಯೆಗೆ ನಾವು ಆ ಮನೆಗೆ ಹೋದೆವು. ಎಲ್ಲರೂ ಕುಳಿತ ಮೇಲೆ, "ತಾಯಿ, ನಮ್ಮ ಎಲೆಗೆ ತಾವೇ ಬಡಿಸಬೇಕು" ಎಂದೆವು. ಅವರು ಅತ್ತೆಯ ಮುಖ ನೋಡಿದರು. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅನ್ನದ ಪಾತ್ರೆಯನ್ನು ಸೊಸೆಯ ಕಡೆಗೆ ಸರಿಸಿದರು. ಅಂದು ಪಾಯಸ ಸ್ವಲ್ಪ ಹೆಚ್ಚೇ ಬಿತ್ತು.

ಹಾಗೆಂದು ಶಿಲೀಂಧ್ರವಿದ್ದವರನ್ನು ದೂರವಿಡಬೇಕೆಂದು ಯಾರೂ ತಿಳಿಯಬಾರದು. ಅದು ಅಂಟುವುದು ನಿಜ. ಆದರೆ ಅನ್ನದಿಂದಲ್ಲ. ಒದ್ದೆ ಬಚ್ಚಲಿನ ನೆಲ, ಒಬ್ಬರದನ್ನೊಬ್ಬರು ಹಾಕುವ ಚಪ್ಪಲಿ ಮತ್ತು ಕಾಲುಚೀಲ, ಮನೆಮಂದಿಗೆಲ್ಲ ಒಂದೇ ನೇಲ್ ಕಟರ್, ಒಂದೇ ಟವೆಲ್, ಇವುಗಳ ಮೂಲಕ ನಿಧಾನವಾಗಿ ಹರಡುತ್ತದೆ. ಇವುಗಳನ್ನು ಬೇರೆ ಮಾಡಿದರೆ ಸಾಕು, ಮನುಷ್ಯನನ್ನು ಬೇರೆ ಮಾಡಬೇಕಾಗಿಲ್ಲ.

ಹೊಳೆನರಸೀಪುರದಲ್ಲಿ ನಮಗೆ ಪರಿಚಿತರಾದ ನಿವೃತ್ತ ಮೇಷ್ಟರೊಬ್ಬರು ಇದಕ್ಕೆ ತದ್ವಿರುದ್ಧವಾದ ಸಂಕಟಕ್ಕೆ ಸಿಕ್ಕಿದರು. ಅವರಿಗಿದ್ದುದು ಶಿಲೀಂಧ್ರವೇ, ಜೊತೆಗೆ ಸಕ್ಕರೆ ಕಾಯಿಲೆ. ಯಾರೋ ಅದನ್ನು ಸೋರಿಯಾಸಿಸ್ ಎಂದರು. ಔಷಧದ ಅಂಗಡಿಯವನು ಚೀಟಿಯಿಲ್ಲದೆಯೇ ಒಂದು ಮುಲಾಮು ಕೊಟ್ಟ. ಅದರಲ್ಲಿ ಬಲವಾದ ಸ್ಟೀರಾಯ್ಡ್ ಇತ್ತು. ಹಚ್ಚಿದೊಡನೆ ನವೆ ಇಳಿಯಿತು, ಮುಲಾಮು ಒಳ್ಳೆಯದೆಂದು ತೊಡೆಸಂದಿಯ ಹುಳುಕಡ್ಡಿಗೂ ಹಚ್ಚಿದರು. ಸ್ಟೀರಾಯ್ಡ್ ಉರಿಯನ್ನು ಅಡಗಿಸುತ್ತದೆ, ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಕಾವಲುಗಾರನಿಗೆ ನಿದ್ದೆಯ ಮದ್ದು ಕೊಟ್ಟಂತೆ, ಒಳಗಿನದು ನಿರಾತಂಕವಾಗಿ ಹಬ್ಬುತ್ತದೆ. ಆರು ತಿಂಗಳಲ್ಲಿ ಹುಳುಕಡ್ಡಿ ಸೊಂಟದವರೆಗೆ ಹರಡಿ ಮೊಮ್ಮಕ್ಕಳಿಗೂ ತಗುಲಿತು. ಇದು ಅವರೊಬ್ಬರ ಕಥೆಯಲ್ಲ. ಕಳೆದ ಹದಿನೈದು ವರ್ಷಗಳಿಂದೀಚೆಗೆ ನಮ್ಮ ದೇಶದಲ್ಲಿ ಹುಳುಕಡ್ಡಿ ಹಿಂದೆಂದೂ ಇಲ್ಲದಷ್ಟು ಹಬ್ಬಿ, ಮದ್ದಿಗೆ ಬಗ್ಗದಂತಾಗಿದೆ. ಅದಕ್ಕೆ ಕಾರಣವಾದ ಶಿಲೀಂಧ್ರದ ಹೊಸ ಬಗೆಯೊಂದಕ್ಕೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ನಮ್ಮ ದೇಶದ ಹೆಸರು ಸೇರಿಸಿಯೇ ನಾಮಕರಣ ಮಾಡಿದ್ದಾರೆ. ಹೆಮ್ಮೆಪಡುವ ಗೌರವವಲ್ಲ. ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು. ನಿಯಮ ಕಾಗದದಲ್ಲಿದೆ, ಮುಲಾಮು ಅಂಗಡಿಯ ಮುಂಗಟ್ಟಿನಲ್ಲಿದೆ.

ಸಕ್ಕರೆ ಕಾಯಿಲೆಯವರ ಕಾಲುಗುರಿನ ಶಿಲೀಂಧ್ರವನ್ನು ಅಂದಗೇಡಿನ ವಿಷಯವೆಂದು ಬಿಡಬಾರದು. ದಪ್ಪನಾದ ಉಗುರು ಪಕ್ಕದ ಬೆರಳನ್ನು ಗೀರುತ್ತದೆ, ಸ್ಪರ್ಶ ಮಂದವಾದ ಕಾಲಿಗೆ ಅದು ತಿಳಿಯುವುದಿಲ್ಲ, ಅಲ್ಲಿಂದ ಕೀವು ಹಿಡಿದರೆ ಕಾಲಿಗೇ ಸಂಚಕಾರ.

ಚಿಕಿತ್ಸೆಯ ವಿಷಯದಲ್ಲಿ ತಾಳ್ಮೆಯೇ ದೊಡ್ಡ ಮದ್ದೆಂದು ನಮ್ಮ ಅನುಭವ. ಶಿಲೀಂಧ್ರಕ್ಕೆ ಟರ್ಬಿನಾಫಿನ್ ಎಂಬ ಮಾತ್ರೆಯನ್ನು ಕೈಯುಗುರಿಗೆ ಸಾಮಾನ್ಯವಾಗಿ 6 ವಾರ, ಕಾಲುಗುರಿಗೆ 12 ವಾರ ಕೊಡುತ್ತಾರೆ. ಅದಕ್ಕೆ ಮೊದಲು ರಕ್ತ ಪರೀಕ್ಷಿಸಿ ಯಕೃತ್ತು ಸರಿಯಾಗಿದೆಯೇ ಎಂದು ನೋಡುತ್ತಾರೆ. ರೋಗ ಅಂಚಿನಲ್ಲಷ್ಟೇ ಇದ್ದರೆ ಉಗುರಿಗೆ ಬಳಿಯುವ ಔಷಧವೂ ಉಂಟು. ನಮ್ಮ ಯೌವನದಲ್ಲಿ ಗ್ರೀಸಿಯೋಫುಲ್ವಿನ್ ಮಾತ್ರೆಯನ್ನು ಕಾಲುಗುರಿಗಾಗಿ ವರ್ಷಕ್ಕೂ ಮೇಲ್ಪಟ್ಟು ನುಂಗಬೇಕಾಗುತ್ತಿತ್ತು, ನುಂಗಿದವರಲ್ಲಿ ಎಷ್ಟೋ ಮಂದಿ ನಡುದಾರಿಯಲ್ಲಿ ಕೈಬಿಡುತ್ತಿದ್ದರು. ಈಗ 12 ವಾರ ಮುಗಿಯಿತು, ಉಗುರು ಹಾಗೆಯೇ ಇದೆಯಲ್ಲ ಎಂದು ಗಾಬರಿಯಾಗಬೇಕಿಲ್ಲ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ ಕಾಲುಗುರು ಅದರ ಅರ್ಧವೂ ಕಷ್ಟ. ಕೆಟ್ಟ ಉಗುರು ಪೂರ್ಣ ಹೋಗಿ ಹೊಸದು ಬರಲು ಕೈಗೆ ಆರು ತಿಂಗಳು, ಕಾಲಿನ ಹೆಬ್ಬೆರಳಿಗೆ ವರ್ಷದಿಂದ ಒಂದೂವರೆ ವರ್ಷ. ನಾವು ಉಗುರಿನ ಬುಡದಿಂದ ಮೇಲೇರುವ ತಿಳಿಭಾಗವನ್ನು ಯುಗಾದಿಯಿಂದ ಯುಗಾದಿಗೆ ಅಳೆಯುತ್ತ ಬಂದೆವು.

ಸೋರಿಯಾಸಿಸ್ಸಿನ ಹಾದಿ ಬೇರೆ. ಉಗುರಿನ ಬುಡಕ್ಕೆ ಹಚ್ಚುವ ಮುಲಾಮು, ಬುಡದ ಚರ್ಮದೊಳಕ್ಕೆ ಕೊಡುವ ಸೂಜಿಮದ್ದು, ಗಿಣ್ಣುಗಳಿಗೂ ಇಳಿದಿದ್ದರೆ ಮೆಥೊಟ್ರೆಕ್ಸೇಟ್ ಮುಂತಾದ ಮಾತ್ರೆ, ಈಚೆಗೆ ಬಂದಿರುವ ದುಬಾರಿ ಚುಚ್ಚುಮದ್ದುಗಳು. ಸ್ಟೀರಾಯ್ಡ್ ಇಲ್ಲಿ ಶತ್ರುವಲ್ಲ, ವೈದ್ಯರ ಕಣ್ಣಳತೆಯಲ್ಲಿದ್ದರೆ ಮಿತ್ರನೇ. ಮೆಥೊಟ್ರೆಕ್ಸೇಟ್ ವಿಷಯದಲ್ಲಿ ಒಂದು ಎಚ್ಚರಿಕೆ: ಇದನ್ನು ಕೊಡುವುದು ವಾರಕ್ಕೊಂದು ದಿನ. ದಿನವೂ ನುಂಗುವ ಮಾತ್ರೆಯೆಂದು ತಿಳಿದು ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಓದುಬಾರದ ಹಿರಿಯರಿರುವ ಮನೆಗಳಲ್ಲಿ ಕ್ಯಾಲೆಂಡರಿನಲ್ಲಿ ಒಂದು ವಾರವನ್ನು, ಸೋಮವಾರವೋ ಗುರುವಾರವೋ, ಗುರುತು ಹಾಕಿಟ್ಟು ಮಕ್ಕಳೇ ಕೊಡುವುದು ಒಳಿತು. ಅರಕಲಗೂಡಿನ ತಾಯಿಗೆ ಹೀಗೆ ಸೋಮವಾರ ಕೊಡುತ್ತಿದ್ದಾರೆ. ಬೆರಳು ಈಗ ಮಡಿಸುತ್ತವೆ. ಉಗುರಿನಲ್ಲಿ ಕುಳಿ ಇನ್ನೂ ಕೆಲವಿವೆ.

ಚನ್ನರಾಯಪಟ್ಟಣದ ಕಡೆ ಒಂದು ಮದುವೆ ಈ ಕುಳಿಗಳಿಂದಲೇ ನಿಂತುಹೋಗುವುದರಲ್ಲಿತ್ತು. ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ವೀಳ್ಯ ಬದಲಾಯಿಸುವ ದಿನ ಹುಡುಗಿಯ ಸೋದರಮಾವ ಅವನ ಕೈ ನೋಡಿ, ಇದು ಕುಷ್ಠದ ಆರಂಭವೆಂದು ಪಿಸುಗುಟ್ಟಿದರು. ಹುಡುಗಿಯ ತಂದೆ ನಮ್ಮ ಬಳಿಗೆ ಬಂದಾಗ ನಾವು ಶಾಸ್ತ್ರ ಹೇಳಲಿಲ್ಲ, ಎರಡೂ ಮನೆಯವರು ಒಟ್ಟಾಗಿ ವೈದ್ಯರ ಮುಂದೆ ಕುಳಿತು ಕೇಳಿಕೊಂಡು ಬನ್ನಿ ಎಂದೆವು. ಹಾಸನದಲ್ಲಿ 2006ರಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದಂದಿನಿಂದ ಇಂತಹ ಮಾತಿಗೆ ಬೆಂಗಳೂರು ಮೈಸೂರಿಗೆ ಅಲೆಯಬೇಕಾಗಿಲ್ಲ. ವೈದ್ಯರು ಮುಚ್ಚಿಡದೆ ಹೇಳಿದರು: ಇದು ಸೋರಿಯಾಸಿಸ್, ಕುಷ್ಠವಲ್ಲ, ಹೆಂಡತಿಗೆ ಅಂಟುವುದಿಲ್ಲ. ಪೂರ್ಣವಾಗಿ ಬೇರುಸಹಿತ ಹೋಗುತ್ತದೆಂಬ ಭರವಸೆ ಕೊಡಲಾಗದು, ಏರುತ್ತ ಇಳಿಯುತ್ತ ಇರುತ್ತದೆ, ಹತೋಟಿಯಲ್ಲಿಡಬಹುದು. ಮಕ್ಕಳಿಗೆ ಬರುವ ಸಂಭವ ಇತರರಿಗಿಂತ ಸ್ವಲ್ಪ ಹೆಚ್ಚು, ಬಂದೇ ಬರುತ್ತದೆಂದಿಲ್ಲ. ಕೆಲವು ಮಾತ್ರೆಗಳನ್ನು ಮಕ್ಕಳನ್ನು ಬಯಸುವ ಮೊದಲೇ ನಿಲ್ಲಿಸಬೇಕಾಗುತ್ತದೆ, ಆ ಕುರಿತು ವೈದ್ಯರಿಗೆ ತಿಳಿಸಬೇಕು. ಇಷ್ಟನ್ನು ಕೇಳಿದ ಮೇಲೆ ಹುಡುಗಿ ತಾನಾಗಿ, "ಇಷ್ಟೇ ತಾನೇ" ಎಂದಳಂತೆ. ಮುಚ್ಚಿಟ್ಟು ಮದುವೆ ಮಾಡಿದ್ದರೆ ಆ ಮಾತು ಬರುತ್ತಿರಲಿಲ್ಲವೆಂಬುದು ನಮ್ಮ ಎಣಿಕೆ. ಮದುವೆ ಆಯಿತು. ಸೋದರಮಾವ ಊಟಕ್ಕೆ ಮೊದಲ ಪಂಕ್ತಿಯಲ್ಲೇ ಇದ್ದರು.

ಎರಡೂ ಅಲ್ಲದ ಉಗುರುಗಳೂ ಇವೆಯೆಂಬುದನ್ನು ಮರೆಯಬಾರದು. ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು ಬಿಡಿಸುವವರ ಬೆರಳಿಗೆ ಅದರ ಅಂಟು ಮೆತ್ತಿ ಉಗುರು ಕಂದಾಗಿರುತ್ತದೆ, ಅರಿಸಿನ ಅರೆಯುವವರದು ಹಳದಿಯಾಗಿರುತ್ತದೆ. ಇವು ಬರಿಯ ಬಣ್ಣ. ಉಗುರು ಬೆಳೆದಂತೆ ಬುಡದಿಂದ ತಿಳಿಯಾಗುತ್ತ ಬರುತ್ತದೆ. ಸದಾ ನೀರಿನಲ್ಲಿ ಕೈಯಾಡಿಸುವ ಹೆಂಗಸರಿಗೆ ಉಗುರಿನ ಬುಡ ಊದಿಕೊಂಡು ಮತ್ತೆ ಮತ್ತೆ ಉಗುರುಸುತ್ತಾಗುವುದುಂಟು. ನಿಂಬೆಹಣ್ಣಿಗೆ ಬೆರಳು ತೂರಿಸಿ ಕುಳಿತರೆ ತಂಪೆನಿಸೀತು, ಕೀವು ಕಟ್ಟಿದ್ದರೆ ವೈದ್ಯರೇ ಬೇಕು. ಒಂದೇ ಉಗುರಿನಲ್ಲಿ ಬುಡದಿಂದ ತುದಿಗೆ ಕಪ್ಪು ಗೆರೆಯೊಂದು ಹೊಸದಾಗಿ ಮೂಡಿ ಅಗಲವಾಗುತ್ತಿದ್ದರೆ ಅದನ್ನು ತಡಮಾಡದೆ ತೋರಿಸಬೇಕು. ಅಪರೂಪಕ್ಕೆ ಅದು ಅರ್ಬುದದ ಗುರುತಾಗಿರುತ್ತದೆ.

ಇನ್ನು ಹೊಳೆನರಸೀಪುರದ ಮೇಷ್ಟರು. ಅವರ ಕಾಲುಗುರು ಗುಣವಾಗಿ ವರ್ಷದ ಬಳಿಕ ಕೈಯ ಎರಡು ಉಗುರುಗಳಲ್ಲಿ ಕುಳಿಗಳು ಕಾಣಿಸಿಕೊಂಡಿವೆ. ಮೊದಲು ಯಾರೋ ಸೋರಿಯಾಸಿಸ್ ಎಂದಿದ್ದುದು ಹುಸಿಯಾಗಿರಲಿಲ್ಲವೋ ಏನೋ ಎಂದು ಅವರು ನಮ್ಮನ್ನು ಕೇಳಿದರು. ವೈದ್ಯರನ್ನು ವಿಚಾರಿಸಿದಾಗ, ಎರಡೂ ಒಬ್ಬರಲ್ಲೇ ಇರಬಹುದು, ಸೋರಿಯಾಸಿಸ್ಸಿನಿಂದ ಸಡಿಲಗೊಂಡ ಉಗುರಿನಲ್ಲಿ ಶಿಲೀಂಧ್ರ ಸುಲಭವಾಗಿ ಮನೆ ಮಾಡುತ್ತದೆ ಎಂದರು. ಆದ್ದರಿಂದ ಶಿಲೀಂಧ್ರ ಸಿಕ್ಕಿತೆಂದು ಸೋರಿಯಾಸಿಸ್ಸಿನ ಹುಡುಕಾಟ ನಿಲ್ಲಿಸಬಾರದು, ಅದು ಸಿಕ್ಕಿತೆಂದು ಇದನ್ನು ಬಿಡಬಾರದು. ಮೇಷ್ಟರು ಮುಂದಿನ ವಾರ ಹಾಸನಕ್ಕೆ ಹೋಗುವವರಿದ್ದಾರೆ. ಶಿಲೀಂಧ್ರದ ಔಷಧ ನುಂಗುತ್ತಲೋ ಹಚ್ಚುತ್ತಲೋ ಇದ್ದರೆ ಪರೀಕ್ಷೆಯಲ್ಲಿ ಏನೂ ಕಾಣದೆ ಹೋಗಬಹುದಾದ್ದರಿಂದ ಹಳೆಯ ಚೀಟಿಗಳನ್ನೆಲ್ಲ ಕೊಂಡೊಯ್ಯಲು ಹೇಳಿದ್ದೇವೆ. ಹೋಗುವ ಮುನ್ನ ಉಗುರನ್ನು ಪೂರ್ತಿ ಕತ್ತರಿಸಿಕೊಳ್ಳಬಾರದು, ಪರೀಕ್ಷೆಗೆ ಚೂರು ಬೇಕು. ಮೊಮ್ಮಗಳು ತಾತನ ಕೈಗೆ ಗೋರಂಟಿ ಹಚ್ಚಿದ್ದಾಳಂತೆ, ಅದರ ಬಣ್ಣದಡಿಯಲ್ಲಿ ಎಣ್ಣೆಹನಿಯ ಮಚ್ಚೆ ಕಾಣುವುದಿಲ್ಲ. ಅದು ಬೆಳೆದು ಹೋಗುವವರೆಗೆ ಕಾಯಬೇಕೇ ಎಂದು ನಿನ್ನೆ ಫೋನಿನಲ್ಲಿ ಕೇಳಿದರು. ಬಣ್ಣವಿಲ್ಲದ ಉಗುರು ಇನ್ನೂ ನಾಲ್ಕೈದು ಇವೆಯಲ್ಲ, ಕಾಯದೆ ಹೋಗಿ ಎಂದೆವು.